ಬೆನ್ನಿನ ವ್ಯಾಯಾಮ: ಮುಂಗೈ ಸೋಲುತ್ತದೆ, ಸೊಂಟ ಹಿಡಿಯುತ್ತದೆ, ಬೆನ್ನಿಗೆ ಮಾತ್ರ ಏನೂ ತಾಗುವುದಿಲ್ಲ

ರೋಬಸ್ಟಾ_ಗೋಣಿಕೊಪ್ಪ:

ಗೋಣಿಕೊಪ್ಪ ಕಡೆಯ ಸಣ್ಣ ಜಿಮ್, ಕೋಚ್ ಅಂತ ಯಾರೂ ಇಲ್ಲ. ಇರುವ ಸಾಮಾನು ಇಷ್ಟು: ಒಂದು ಲ್ಯಾಟ್ ಪುಲ್ ಡೌನ್ ಮೆಷಿನ್ (ಕೂತು ಮೇಲಿನ ಬಾರನ್ನು ಕೆಳಕ್ಕೆ ಎಳೆಯುವುದು; ಅದರಲ್ಲೇ ಕೆಳಗಡೆ ಇನ್ನೊಂದು ಪುಲ್ಲಿ, ಕೂತು ರೋ ಮಾಡಲು, ಅಂದರೆ ಭಾರವನ್ನು ದೇಹದ ಕಡೆಗೆ ಎಳೆಯಲು), ಎರಡು ಉದ್ದದ ರಾಡ್, 25 ಕೆ.ಜಿ.ವರೆಗೆ ಡಂಬಲ್, ಓರೆ ಮಾಡಬಹುದಾದ ಬೆಂಚ್, ಪುಲ್ ಅಪ್ ಬಾರ್ (ತೂಗಿ ದೇಹವನ್ನು ಮೇಲಕ್ಕೆ ಎಳೆಯಲು).

ದೇಹದ ತೂಕ 68 ಕೆ.ಜಿ. ವಾರಕ್ಕೆ ಒಂದು ದಿನ ಬೆನ್ನು. ಪುಲ್ ಡೌನ್ 50 ಕೆ.ಜಿ. 4×10 (4 ಸೆಟ್, ಒಂದೊಂದರಲ್ಲಿ 10 ರೆಪ್ಸ್, ಅಂದರೆ 10 ಸಲ), ಬಾರ್ಬೆಲ್ ರೋ (ಬಾಗಿ ನಿಂತು ರಾಡ್ ಎಳೆಯುವುದು) 50 ಕೆ.ಜಿ. 4×10, ಸೀಟೆಡ್ ರೋ 4×12, ಕೊನೆಗೆ ಡೆಡ್ ಲಿಫ್ಟ್ (ನೆಲದಿಂದ ರಾಡ್ ಎತ್ತಿ ನಿಲ್ಲುವುದು) 70 ಕೆ.ಜಿ. 3×8.

ತೊಂದರೆ ಎರಡು. ಪುಲ್ ಡೌನ್‌ನಲ್ಲಿ 7-8 ರೆಪ್ಸ್ ಆಗುವಾಗ ಮುಂಗೈ ಮತ್ತು ಬೈಸೆಪ್ಸ್ ಉರಿದು ಕೈಬಿಡುತ್ತವೆ, ಬೆನ್ನಿಗೆ ಕೆಲಸ ಸಿಕ್ಕಿದ್ದೇ ಗೊತ್ತಾಗುವುದಿಲ್ಲ. ಬಾರ್ಬೆಲ್ ರೋ ಎರಡನೇ ಸೆಟ್‌ಗೇ ಕೆಳಸೊಂಟ ಹಿಡಿದುಕೊಳ್ಳುತ್ತದೆ. ಡಿಸೆಂಬರ್‌ನಿಂದ ರೋಬಸ್ಟಾ ಕಾಫಿ ಕೊಯ್ಲು, ಆಗ ಸಂಜೆ 50 ಕೆ.ಜಿ. ಚೀಲ ಎತ್ತಿ ಹಾಕುವ ಕೆಲಸವೂ ಇರುತ್ತದೆ. ಭಾನುವಾರ ಹಾಕಿ ಆಟ. ಇದರ ನಡುವೆ ಬೆನ್ನನ್ನು ಸರಿಯಾಗಿ ಹೇಗೆ ತರಬೇತಿ ಮಾಡುವುದು? ವಿಡಿಯೋ ಲಿಂಕ್ ಬೇಡ, ಬರೆದು ಹೇಳಿ.


ಬ್ರಹ್ಮಗಿರಿ_ಲಿಫ್ಟರ್:

ಲ್ಯಾಟ್ಸ್ (ಬೆನ್ನಿನ ಎರಡೂ ಬದಿಯ ಅಗಲ ಸ್ನಾಯು) ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ ಎಂಬುದು ತಲೆಯಲ್ಲಿ ಕೂತರೆ ನಿಮ್ಮ ಮೊದಲ ತೊಂದರೆ ಅರ್ಧ ಮುಗಿಯಿತು. ಬೆನ್ನುಮೂಳೆಯ ಕೆಳ ಅರ್ಧ, ಸೊಂಟದ ಮೂಳೆಯ ಮೇಲಂಚು, ಕೆಳಗಿನ ಮೂರು-ನಾಲ್ಕು ಪಕ್ಕೆಲುಬು, ಇಷ್ಟು ಅಗಲದಿಂದ ಹೊರಟು ಕಂಕುಳಿನಡಿ ಕಿರಿದಾಗಿ ತೋಳಿನ ಮೂಳೆಯ ಮೇಲ್ತುದಿಯ ಮುಂಬದಿಗೆ ಸೇರುತ್ತದೆ. ಮೊಣಕೈವರೆಗೆ ಅದು ಬರುವುದೇ ಇಲ್ಲ. ಹಾಗಾಗಿ ಅಂಗೈ ಎಷ್ಟು ಬಿಗಿ ಹಿಡಿದಿದೆ, ಬೈಸೆಪ್ಸ್ ಎಷ್ಟು ಮಡಚಿದೆ ಎಂಬುದರಿಂದ ಲ್ಯಾಟ್ಸ್‌ಗೆ ಲಾಭವಿಲ್ಲ. ತೋಳಿನ ಮೇಲ್ಭಾಗ ಎಷ್ಟು ದೂರ ಚಲಿಸಿತು ಎಂಬುದೊಂದೇ ಲೆಕ್ಕ. ಕೈ ಅಂದರೆ ದೋಟಿಯ ತುದಿಯ ಕೊಕ್ಕೆ ಅಷ್ಟೆ. ಎಳೆಯಬೇಕಾದದ್ದು ಮೊಣಕೈ.

ಪುಲ್ ಡೌನ್ ಹೀಗೆ ಮಾಡಿ. ತೂಕ 50ರಿಂದ 35ಕ್ಕೆ ಇಳಿಸಿ, ನಾಚಿಕೆ ಬೇಡ. ತೊಡೆಯ ಮೇಲಿನ ಪ್ಯಾಡ್ ಬಿಗಿಯಾಗಿ ಕೂರುವ ಹಾಗೆ ಪಿನ್ ಹಾಕಿ. ಇದು ಸಡಿಲವಿದ್ದರೆ ಪ್ರತಿ ರೆಪ್‌ಗೂ ಪೃಷ್ಠ ಸೀಟಿನಿಂದ ಏಳುತ್ತದೆ, ಆಮೇಲೆ ಎಳೆಯುವುದು ಬೆನ್ನಲ್ಲ, ಹಿಂದಕ್ಕೆ ಬೀಳುವ ದೇಹದ ತೂಕ. ಹಿಡಿತ ಭುಜದ ಅಗಲಕ್ಕಿಂತ ಒಂದೊಂದು ಅಂಗೈ ಹೊರಗೆ ಸಾಕು. ಬಾರ್‌ನ ಬಾಗಿದ ತುದಿ ಹಿಡಿದರೆ ಬೆನ್ನು ಅಗಲವಾಗುತ್ತದೆ ಎನ್ನುವುದು ಜಿಮ್‌ಗಳಲ್ಲಿ ಹರಿದಾಡುವ ಮಾತು. ತೀರಾ ಅಗಲ ಹಿಡಿದರೆ ತೋಳು ಚಲಿಸುವ ದೂರವೇ ಕಡಿಮೆಯಾಗುತ್ತದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಬಾರ್‌ನ ಮೇಲಿಟ್ಟು ನೋಡಿ, ಹಿಸುಕುವ ಚಟ ತಾನಾಗಿ ಕಡಿಮೆಯಾಗುತ್ತದೆ.

ಎದೆ ಸ್ವಲ್ಪ ಎತ್ತಿ, ಸೊಂಟದಿಂದ 10-15 ಡಿಗ್ರಿ ಹಿಂದಕ್ಕೆ ವಾಲಿ, ಅಲ್ಲೇ ನಿಲ್ಲಿ. ಮೊದಲು ಕೈ ನೇರ ಇರುವಾಗಲೇ ಭುಜಗಳು ಕಿವಿಯಿಂದ ದೂರ ಇಳಿಯಬೇಕು. ಇದು ಎರಡು-ಮೂರು ಸೆಂ.ಮೀ. ಚಲನೆ, ಕಣ್ಣಿಗೆ ಕಾಣುವುದೂ ಕಷ್ಟ. ಆಮೇಲೆ ಮೊಣಕೈಗಳನ್ನು ಪ್ಯಾಂಟಿನ ಪಕ್ಕದ ಜೇಬಿನ ಕಡೆಗೆ ತನ್ನಿ. ಬಾರ್ ಕೊರಳೆಲುಬಿಗೂ ಎದೆಯ ಮೇಲ್ಭಾಗಕ್ಕೂ ನಡುವೆ ಬಂದರೆ ಮುಗಿಯಿತು. ಅದಕ್ಕಿಂತ ಕೆಳಗೆ ತರಲು ಹೋದರೆ ಮೊಣಕೈ ಹಿಂದಕ್ಕೆ ಓಡಿ ಭುಜದ ತಲೆ ಮುಂದಕ್ಕೆ ಉರುಳುತ್ತದೆ. ಅಲ್ಲಿ ಬೆನ್ನಿಗೆ ಕೆಲಸವಿಲ್ಲ, ಭುಜದ ಮುಂಭಾಗಕ್ಕೆ ಒತ್ತಡ ಮಾತ್ರ. ಬಿಡುವಾಗ 2-3 ಸೆಕೆಂಡ್ ತೆಗೆದುಕೊಳ್ಳಿ, ಮೇಲೆ ಕೈ ಪೂರ್ತಿ ನೇರವಾಗಲಿ, ಕಂಕುಳಿನಡಿ ಎಳೆತ ಸಿಗಬೇಕು. ಹೆಚ್ಚಿನವರು ಕಳೆದುಕೊಳ್ಳುವುದು ಈ ಮೇಲಿನ ಕಾಲು ಭಾಗವನ್ನೇ. ಅರ್ಧದಲ್ಲೇ ತಿರುಗಿಸಿ ಮತ್ತೆ ಎಳೆಯುತ್ತಾರೆ. ಸ್ನಾಯು ಉದ್ದವಾದ ಸ್ಥಿತಿಯಲ್ಲಿ ಭಾರ ಹೊರುವ ಆ ಭಾಗ ಬೆಳವಣಿಗೆಗೆ ತುಂಬ ಬೆಲೆಯುಳ್ಳದ್ದು.

ಕತ್ತಿನ ಹಿಂದಕ್ಕೆ ಎಳೆಯುವ ಪುಲ್ ಡೌನ್ ಯಾರಾದರೂ ಹೇಳಿಕೊಟ್ಟಿದ್ದರೆ ಬಿಟ್ಟುಬಿಡಿ. ಭುಜ ಅದರ ಕೊನೆಯ ಮಿತಿಯಲ್ಲಿ ತಿರುಗಿರುವಾಗ ಭಾರ ಬೀಳುತ್ತದೆ, ಕತ್ತು ಮುಂದೆ ಬಾಗುತ್ತದೆ, ಲ್ಯಾಟ್ಸ್‌ಗೆ ಹೆಚ್ಚುವರಿ ಏನೂ ಸಿಗುವುದಿಲ್ಲ.

ಇಷ್ಟಾದರೂ ಬೆನ್ನು ಗೊತ್ತಾಗದಿದ್ದರೆ ಪುಲ್ ಡೌನ್‌ಗೆ ಮೊದಲು ಕೈ ನೇರ ಇಟ್ಟು ಮಾಡುವ ಪುಲ್ ಡೌನ್ 2 ಸೆಟ್ ಹಾಕಿ. ಮೆಷಿನ್‌ಗೆ ಮುಖ ಮಾಡಿ ಎರಡು ಹೆಜ್ಜೆ ಹಿಂದೆ ನಿಂತು, ತೊಡೆಯ ಸಂದಿನಿಂದ ಸುಮಾರು 30 ಡಿಗ್ರಿ ಬಾಗಿ, ಮೊಣಕೈ ತುಸು ಮಾತ್ರ ಸಡಿಲಿಸಿ, ಬಾರನ್ನು ಹಣೆಯ ಎತ್ತರದಿಂದ ತೊಡೆಗೆ ತನ್ನಿ. 10-15 ಕೆ.ಜಿ., 12-15 ರೆಪ್ಸ್. ಇಲ್ಲಿ ಮೊಣಕೈ ಮಡಚುವುದಿಲ್ಲವಾದ್ದರಿಂದ ಬೈಸೆಪ್ಸ್‌ಗೆ ಎಳೆಯಲು ದಾರಿಯೇ ಇಲ್ಲ. ಕಂಕುಳಿನ ಹಿಂದೆ ಬಿಗಿ ಬಂದರೆ ಅದೇ ಲ್ಯಾಟ್ಸ್. ಮೊಣಕೈ ಮಡಚಿ ಬಿಡಿಸುತ್ತಾ ಕೆಳಗೆ ಒತ್ತಿದರೆ ಮಾತ್ರ ಟ್ರೈಸೆಪ್ಸ್ (ತೋಳಿನ ಹಿಂಭಾಗದ ಸ್ನಾಯು) ವ್ಯಾಯಾಮ ಆಗಿಬಿಡುತ್ತದೆ, ಗಮನವಿರಲಿ.

ಇನ್ನು ರೋ. ಎಲ್ಲಿಗೆ ಎಳೆಯುತ್ತೀರಿ ಎಂಬುದರ ಮೇಲೆ ಯಾವ ಸ್ನಾಯು ಎಂಬುದು ನಿಂತಿದೆ. ಮೊಣಕೈ ಪಕ್ಕೆಗೆ ಹತ್ತಿರ ಇಟ್ಟು ಹೊಕ್ಕುಳಿನ ಕಡೆಗೆ ಎಳೆದರೆ ಲ್ಯಾಟ್ಸ್ ಹೆಚ್ಚು. ಮೊಣಕೈ 60-70 ಡಿಗ್ರಿ ಹೊರಗೆ ತೆರೆದು ಎದೆಯ ಕೆಳಭಾಗಕ್ಕೆ ಎಳೆದರೆ ಹೆಗಲ ಹಲಗೆಗಳ ನಡುವಿನ ರಾಂಬಾಯ್ಡ್ಸ್, ನಡು ಟ್ರಾಪೀಜಿಯಸ್, ಹಿಂಭುಜ ಹೆಚ್ಚು. ಎರಡೂ ಬೇಕು, ಆದರೆ ಒಂದೇ ಸೆಟ್‌ನಲ್ಲಿ ಎರಡನ್ನೂ ಕಲಸಬೇಡಿ. ಸೀಟೆಡ್ ರೋನಲ್ಲಿ ದೇಹ ಮುಂದೆ-ಹಿಂದೆ ತೂಗಾಡುವುದೇ ದೊಡ್ಡ ತಪ್ಪು. ಮುಂದಕ್ಕೆ ಹೋಗುವಾಗ ಹೆಗಲ ಹಲಗೆಗಳು ಮುಂದೆ ಸರಿಯಲಿ, ಸೊಂಟ ಕದಲಬಾರದು.

ಒಂದು ಕೈ ಡಂಬಲ್ ರೋನಲ್ಲಿ ಡಂಬಲ್ ಕಂಕುಳಿಗಲ್ಲ, ಸೊಂಟದ ಮೂಳೆಯ ಕಡೆಗೆ ಬರಬೇಕು. ನೇರ ಮೇಲಕ್ಕೆ ಎತ್ತಿದರೆ ಹಿಂಭುಜ ಮತ್ತು ಬೈಸೆಪ್ಸ್ ಕೆಲಸ ಕಸಿದುಕೊಳ್ಳುತ್ತವೆ. ಕೆಳಗೆ ಡಂಬಲ್ ಭುಜಕ್ಕಿಂತ ಸ್ವಲ್ಪ ಮುಂದೆ ತೂಗಲಿ, ಅಲ್ಲಿಂದ ಕಮಾನಿನಂತೆ ಹಿಂದಕ್ಕೆ ಬರಲಿ. ಮೇಲೆ ಎಳೆಯುವಾಗ ಎದೆ ಗೋಡೆಯ ಕಡೆ ತಿರುಗುತ್ತಿದ್ದರೆ ತೂಕ ಹೆಚ್ಚಾಯಿತು ಎಂದೇ ಅರ್ಥ.

ಸೊಂಟದ ವಿಷಯ ಬೇರೆಯವರು ಹೇಳಲಿ. ನನ್ನ ಕಡೆಯಿಂದ ಒಂದೇ ಮಾತು: ನಿಮ್ಮ ಪಟ್ಟಿಯಲ್ಲಿ ಬಾರ್ಬೆಲ್ ರೋ ಆದಮೇಲೆ ಡೆಡ್ ಲಿಫ್ಟ್ ಇದೆ. ದಣಿದ ಸೊಂಟಕ್ಕೆ ಅತಿ ಭಾರದ ಕೆಲಸ ಕೊನೆಯಲ್ಲಿ ಕೊಡುವುದು ತಲೆಕೆಳಗು.


ನಾಪೋಕ್ಲು_ಫಿಸಿಯೋ:

ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ಸೊಂಟದ ಭಾಗ ನಾನು ಹೇಳುತ್ತೇನೆ.

ಬಾರ್ಬೆಲ್ ರೋನಲ್ಲಿ ಸೊಂಟ ಹಿಡಿಯುವುದಕ್ಕೆ ಸಾಮಾನ್ಯ ಕಾರಣ ಬೆನ್ನು ದುರ್ಬಲವೆಂದಲ್ಲ, ಬಾಗುವುದು ತಪ್ಪು ಜಾಗದಿಂದ. ಬಾಗಬೇಕಾದದ್ದು ತೊಡೆಯ ಸಂದಿನಲ್ಲಿ, ಸೊಂಟದ ಕಶೇರುಗಳಲ್ಲಲ್ಲ. ಪರೀಕ್ಷೆ ಸುಲಭ. ಒಂದು ನೇರ ಕೋಲನ್ನು ಬೆನ್ನ ಮೇಲೆ ಉದ್ದಕ್ಕೆ ಹಿಡಿಯಿರಿ: ತಲೆಯ ಹಿಂಭಾಗ, ಹೆಗಲ ಹಲಗೆಗಳ ನಡುವೆ, ಬಾಲಮೂಳೆ, ಈ ಮೂರು ಕಡೆ ತಾಗಿರಬೇಕು. ಮಂಡಿ 15-20 ಡಿಗ್ರಿ ಸಡಿಲಿಸಿ, ಪೃಷ್ಠವನ್ನು ಹಿಂದಿನ ಗೋಡೆ ಮುಟ್ಟಿಸುವ ಹಾಗೆ ಹಿಂದಕ್ಕೆ ತಳ್ಳುತ್ತಾ ಬಾಗಿ. ಮೂರರಲ್ಲಿ ಒಂದು ಜಾಗ ಬಿಟ್ಟ ಕ್ಷಣ ನಿಲ್ಲಿ. ಅದೇ ಇವತ್ತಿನ ನಿಮ್ಮ ಮಿತಿ. ರಾಡ್ ಹಿಡಿದಾಗಲೂ ಅದಕ್ಕಿಂತ ಕೆಳಗೆ ಹೋಗಬೇಡಿ. ತೊಡೆಯ ಹಿಂಭಾಗ ಬಿಗಿ ಇರುವವರಿಗೆ ಈ ಮಿತಿ 45 ಡಿಗ್ರಿಯ ಹತ್ತಿರವೇ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ.

ಕೋನದ ಲೆಕ್ಕವೂ ನೋಡಿ. ತೊಡೆಯ ಸಂದಿನಿಂದ ಭುಜಕ್ಕೆ ಸುಮಾರು 50 ಸೆಂ.ಮೀ. ಎಂದಿಟ್ಟುಕೊಂಡರೆ, ದೇಹ ನೆಲಕ್ಕೆ ಸಮಾನಾಂತರ ಇದ್ದಾಗ ಭಾರ ಸಂದಿನಿಂದ 50 ಸೆಂ.ಮೀ. ಮುಂದೆ ತೂಗುತ್ತದೆ. 45 ಡಿಗ್ರಿಯಲ್ಲಿ ಅದು ಸುಮಾರು 35 ಸೆಂ.ಮೀ. ರಾಡ್ ಅದೇ, ಸೊಂಟದ ಮೇಲಿನ ಹೊರೆ ಮಾತ್ರ 30 ಶೇಕಡಾ ಕಡಿಮೆ. ಆದರೆ 45 ಡಿಗ್ರಿಯಲ್ಲಿ ಶುರು ಮಾಡಿ ಕೊನೆಯ ರೆಪ್‌ಗೆ ಹೆಚ್ಚುಕಡಿಮೆ ನಿಂತೇಬಿಡುವವರು ಬಹಳ. ಆಗ ಅದು ರೋ ಅಲ್ಲ, ಶ್ರಗ್ (ಭುಜ ಮೇಲೆತ್ತುವ ವ್ಯಾಯಾಮ). ಪಕ್ಕದಿಂದ ಮೊಬೈಲ್ ಇಟ್ಟು ಒಂದು ಸೆಟ್ ರೆಕಾರ್ಡ್ ಮಾಡಿ, ಮೊದಲ ಮತ್ತು ಕೊನೆಯ ರೆಪ್‌ನಲ್ಲಿ ಬೆನ್ನಿನ ಕೋನ ಒಂದೇ ಇದೆಯೇ ನೋಡಿ. 68 ಕೆ.ಜಿ. ತೂಕದವರಿಗೆ 50 ಕೆ.ಜಿ. ಅಸಾಧ್ಯವೇನಲ್ಲ, ಆದರೆ ನಿಮ್ಮ ವಿವರಣೆ ನೋಡಿದರೆ ಈಗ 35-40 ಸರಿ.

ಉಸಿರು: ಎಳೆಯುವ ಮೊದಲು ಹೊಟ್ಟೆ ಮತ್ತು ಎರಡೂ ಪಕ್ಕೆಗೆ ಉಸಿರು ತುಂಬಿ ಸುತ್ತಲೂ ಬಿಗಿ ಮಾಡಿ. ಹೊಟ್ಟೆ ಒಳಕ್ಕೆ ಎಳೆದುಕೊಳ್ಳುವುದಲ್ಲ. ರಾಡ್ ಮೇಲೆ ಬಂದಾಗ ಸ್ವಲ್ಪ ಬಿಟ್ಟು, ಕೆಳಗೆ ಮತ್ತೆ ತುಂಬಿ. ರಕ್ತದೊತ್ತಡ ಇರುವವರು ಉಸಿರು ಕಟ್ಟಿ ಹಿಡಿಯುವ ಈ ಕ್ರಮಕ್ಕೆ ಮೊದಲು ವೈದ್ಯರನ್ನು ಕೇಳಬೇಕು.

ಕೊಯ್ಲಿನ ದಿನಗಳು. 50 ಕೆ.ಜಿ. ಚೀಲವನ್ನು ನೆಲದಿಂದ ಹತ್ತು ಸಲ ಎತ್ತಿದರೆ ಅದು ಡೆಡ್ ಲಿಫ್ಟೇ. ಅದೂ ಹಿಡಿಕೆ ಇಲ್ಲದ, ಆಕಾರ ಬದಲಾಗುವ ಭಾರದೊಂದಿಗೆ. ಆ ವಾರಗಳಲ್ಲಿ ಜಿಮ್‌ನ ಡೆಡ್ ಲಿಫ್ಟ್ ಮತ್ತು ಬಾರ್ಬೆಲ್ ರೋ ಎರಡನ್ನೂ ಪೂರ್ತಿ ಬಿಡಿ. ಬದಲಿಗೆ ಬೆಂಚನ್ನು 30-45 ಡಿಗ್ರಿ ಓರೆ ಮಾಡಿ, ಎದೆ ಅದಕ್ಕೆ ಒರಗಿಸಿ ಎರಡು ಡಂಬಲ್‌ನಿಂದ ರೋ ಮಾಡಿ. ಸೊಂಟಕ್ಕೆ ಹೊರೆ ಇಲ್ಲ, ಬೆನ್ನಿಗೆ ಕೆಲಸ ಪೂರ್ತಿ. ಗದ್ದ ಬೆಂಚಿನ ಅಂಚಿಗಿಂತ ಮೇಲೆ ಇರಲಿ, ಕಾಲ್ಬೆರಳು ನೆಲಕ್ಕೆ ಊರಿರಲಿ, ಎದೆ ಬೆಂಚಿನಿಂದ ಏಳಬಾರದು. ಎದ್ದರೆ ಮತ್ತೆ ಸೊಂಟವೇ ಎಳೆಯುತ್ತಿದೆ.

ಚೀಲ ಎತ್ತುವಾಗ: ಮಲಗಿರುವ ಚೀಲವನ್ನು ಮೊದಲು ನಿಲ್ಲಿಸಿ, ಎರಡು ಪಾದದ ನಡುವೆ ಎಳೆದುಕೊಳ್ಳಿ, ಹೊಟ್ಟೆಗೆ ತಾಗಿಸಿ ಎತ್ತಿ. ತಿರುಗುವುದು ಪಾದ ಎತ್ತಿಟ್ಟು, ಸೊಂಟ ತಿರುಚಿ ಅಲ್ಲ. ಅಟ್ಟಿ ಹಾಕುವ ಜಾಗದ ಪಕ್ಕದಲ್ಲಿ 50-60 ಸೆಂ.ಮೀ. ಎತ್ತರದ ಹಲಗೆ ಇಟ್ಟುಕೊಂಡು, ನೆಲದಿಂದ ಅದರ ಮೇಲಕ್ಕೆ ಇಬ್ಬರು ಎತ್ತಿಟ್ಟರೆ, ಅಲ್ಲಿಂದ ಒಬ್ಬರು ಹೆಗಲಿಗೆ ಹಾಕಿಕೊಳ್ಳಬಹುದು. ನೋವು ತರುವುದು ಹೆಚ್ಚಾಗಿ ನೆಲದಿಂದ ಮಂಡಿವರೆಗಿನ ಆ ಮೊದಲ ಅಡಿ-ಒಂದೂವರೆ ಅಡಿ.

ಹಾಕಿ ಬಗ್ಗೆ ಜಿಮ್‌ನವರು ಗಮನಿಸದ ಒಂದು ಸಂಗತಿ ಇದೆ. ಹಾಕಿ ಸ್ಟಿಕ್‌ನಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ, ಎಲ್ಲರದ್ದೂ ಎಡಗೈ ಮೇಲೆ, ಬಲಗೈ ಕೆಳಗೆ. ಹಾಗಾಗಿ ಎಲ್ಲರೂ ಬಲಭುಜ ತಗ್ಗಿಸಿ ಒಂದೇ ಕಡೆಗೆ ಬಾಗುತ್ತಾರೆ, ಒಂದೇ ಕಡೆಗೆ ತಿರುಚುತ್ತಾರೆ. 1997ರಿಂದ ನಡೆಯುತ್ತಿರುವ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ವರ್ಷವಿಡೀ ಕುರ್ಚಿಯಲ್ಲಿ ಕೂತವರೂ ಸ್ಟಿಕ್ ಹಿಡಿದು ಇಳಿಯುತ್ತಾರೆ, ಎರಡನೇ ಪಂದ್ಯಕ್ಕೆ ಸೊಂಟ ಹಿಡಿದು ನಿಲ್ಲುವುದು ಇದಕ್ಕೇ. ನೀವು ಪ್ರತಿ ಭಾನುವಾರ ಆಡುವವರಾದರೆ ಒಂದು ಕೈ ರೋ ಮತ್ತು ಒಂದು ಕೈಯಲ್ಲಿ ಡಂಬಲ್ ಹಿಡಿದು ನಡೆಯುವುದು (20-25 ಕೆ.ಜಿ., 30 ಮೀಟರ್, ಎರಡೂ ಕಡೆ 3 ಸಲ) ಪಟ್ಟಿಯಲ್ಲಿ ಇರಲೇಬೇಕು. ಯಾವ ಕಡೆ ದುರ್ಬಲವೋ ಆ ಕಡೆಯಿಂದ ಶುರು ಮಾಡಿ, ಇನ್ನೊಂದು ಕಡೆ ಅದಕ್ಕಿಂತ ಹೆಚ್ಚು ಮಾಡಬೇಡಿ.

ಬೆಳಿಗ್ಗೆ 6ಕ್ಕೆ ಜಿಮ್‌ಗೆ ಹೋಗುವವರಾದರೆ ಇನ್ನೊಂದು. ರಾತ್ರಿ ಮಲಗಿರುವಾಗ ಕಶೇರುಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಮೊದಲ ಒಂದು ಗಂಟೆ ಬಾಗಿದ ಬೆನ್ನಿಗೆ ಭಾರ ಬಿದ್ದರೆ ಒತ್ತಡ ಹೆಚ್ಚು. ಡೆಡ್ ಲಿಫ್ಟ್ ಸಂಜೆಗಿರಲಿ.

ಸ್ನಾಯು ಬಿಗಿಯಾಗಿ ಎರಡು ದಿನದಲ್ಲಿ ಸರಿಯಾದರೆ ಹೆದರಬೇಡಿ. ನೋವು ಮಂಡಿ ದಾಟಿ ಕೆಳಗೆ ಇಳಿದರೆ, ಪಾದ ಜೋಮು ಹಿಡಿದರೆ, ಕಾಲಿನ ಹೆಬ್ಬೆರಳು ಎತ್ತಲು ಬಲ ಸಾಲದಿದ್ದರೆ ವ್ಯಾಯಾಮ ನಿಲ್ಲಿಸಿ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಅದೇ ದಿನ ಆಸ್ಪತ್ರೆ, ನಾಳೆ ಅಲ್ಲ.


ರಾಡ್‌ಪ್ಲೇಟ್_ಮಡಿಕೇರಿ:

ಸಾಮಾನಿನ ಬಗ್ಗೆ ಯಾರೂ ಕೇಳಲಿಲ್ಲ. 50 ಕೆ.ಜಿ. ಅನ್ನುವಾಗ ರಾಡ್ ತೂಕ ಎಷ್ಟು ಹಿಡಿದಿರಿ? ಒಲಿಂಪಿಕ್ ಬಾರ್ 20 ಕೆ.ಜಿ. ಸಣ್ಣ ಜಿಮ್‌ಗಳ ತೆಳು ರಾಡ್ ಅದರ ಅರ್ಧವೂ ಇರುವುದಿಲ್ಲ. ಕಾಫಿ ತೂಗುವ ತಕ್ಕಡಿ ಮೇಲೆ ಒಮ್ಮೆ ಇಟ್ಟು ಸುಣ್ಣದಲ್ಲಿ ಬರೆದಿಡಿ.

ಪ್ಲೇಟ್ ಅಳತೆ ಇನ್ನೂ ಮುಖ್ಯ. ಡೆಡ್ ಲಿಫ್ಟ್‌ನ ಪಾಠಗಳೆಲ್ಲ 45 ಸೆಂ.ಮೀ. ವ್ಯಾಸದ ಪ್ಲೇಟ್ ಲೆಕ್ಕದಲ್ಲಿ, ಅಂದರೆ ರಾಡ್‌ನ ನಡು ನೆಲದಿಂದ 22.5 ಸೆಂ.ಮೀ. ಎತ್ತರ. ನಿಮ್ಮಲ್ಲಿ ಇರುವುದು 10 ಕೆ.ಜಿ. ಕಬ್ಬಿಣದ ಪ್ಲೇಟ್, ವ್ಯಾಸ 30 ಸೆಂ.ಮೀ. ಇದ್ದರೆ ರಾಡ್ 15ರಲ್ಲೇ ಮಲಗಿರುತ್ತದೆ. 7.5 ಸೆಂ.ಮೀ. ಹೆಚ್ಚು ಬಾಗಬೇಕು, ಅಷ್ಟರಲ್ಲಿ ಸೊಂಟ ದುಂಡಾಗುತ್ತದೆ. ಎರಡೂ ಕಡೆ ಪ್ಲೇಟ್ ಅಡಿಗೆ ಅಷ್ಟೇ ದಪ್ಪದ ಮರದ ಹಲಗೆ ಇಡಿ. ಉರುಳದ ಹಾಗೆ ಎರಡು ಅಂಚಿಗೆ ಪಟ್ಟಿ ಹೊಡೆಯಿರಿ. ರಾಡ್ ಪಾದದ ನಡುಭಾಗದ ಮೇಲೆ, ಮಂಡಿಯ ಕೆಳಗಿನ ಕಾಲಿನ ಮೂಳೆಯಿಂದ ಒಂದು ಇಂಚು ದೂರ.

ಕೇಬಲ್ ಮೆಷಿನ್‌ನ ಅಂಕಿ ನಂಬಬೇಡಿ. ಚಲಿಸುವ ಪುಲ್ಲಿ ಒಂದು ಇದ್ದರೆ ಕೈಗೆ ಬರುವುದು ಅಂಕಿಯ ಅರ್ಧ. ವಿರಾಜಪೇಟೆಯ ಮೆಷಿನ್‌ನಲ್ಲಿ 50 ಎಳೆದವರು ಕುಶಾಲನಗರದಲ್ಲಿ 30ಕ್ಕೇ ಒದ್ದಾಡಬಹುದು. ಅದೇ ಮೆಷಿನ್‌ನಲ್ಲಿ ಹೋದ ವಾರಕ್ಕಿಂತ ಎಷ್ಟು ಎಂಬುದನ್ನು ಮಾತ್ರ ಬರೆದಿಡಿ.

ಮಳೆಗಾಲ: ಜೂನ್‌ನಿಂದ ರಾಡ್ ಬೆವರುತ್ತದೆ, ಸೀಮೆಸುಣ್ಣದ ಹಾಗೆ ಕಾಣುವ ಚಾಕ್ (ಮೆಗ್ನೀಷಿಯಂ ಕಾರ್ಬೊನೇಟ್) ಡಬ್ಬಿ ಮುಚ್ಚಿಡದಿದ್ದರೆ ತೇವ ಹಿಡಿಯುತ್ತದೆ. ಮಾಡುವ ಮೊದಲು ಒಣಬಟ್ಟೆಯಲ್ಲಿ ರಾಡ್ ಒರೆಸಿ, ಆಮೇಲೆ ಕೈಗೆ ಚಾಕ್. ತುಕ್ಕಿಗೆ ಗಟ್ಟಿ ಬ್ರಷ್‌ನಿಂದ ಉಜ್ಜಿ, ಯಂತ್ರದ ಎಣ್ಣೆ ಒಂದೆರಡು ಹನಿ, ಪೂರ್ತಿ ಒರೆಸಿ ತೆಗೆಯಬೇಕು. ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಒಡೆದು ಒಳಗಿನ ತಂತಿ ಕಂಡರೆ ಆ ಮೆಷಿನ್ ಮುಟ್ಟಬೇಡಿ, ಮಾಲೀಕರಿಗೆ ಹೇಳಿ ಬದಲಾಯಿಸಿ.


ರೋಬಸ್ಟಾ_ಗೋಣಿಕೊಪ್ಪ:

ಪ್ಲೇಟ್ ಅಳೆದೆ, 10 ಕೆ.ಜಿ.ಯದ್ದು 29 ಸೆಂ.ಮೀ. ರಾಡ್ 9 ಕೆ.ಜಿ. ಇದೆ, 20 ಅಂತ ಹಿಡಿದಿದ್ದೆ. ಅಂದರೆ ರೋ ಆಗುತ್ತಿದ್ದದ್ದು 39ರಲ್ಲಿ, ಡೆಡ್ ಲಿಫ್ಟ್ 59ರಲ್ಲಿ.

ಇನ್ನು ಮೂರು ಪ್ರಶ್ನೆ. ಹಿಡಿತಕ್ಕೆ ಸ್ಟ್ರಾಪ್ (ಮಣಿಕಟ್ಟಿನಿಂದ ಬಾರ್ ಸುತ್ತುವ ಪಟ್ಟಿ) ಹಾಕಬಹುದೇ? ಪುಲ್ ಅಪ್ 2 ಮಾತ್ರ ಆಗುತ್ತದೆ, ಹೆಚ್ಚಿಸುವುದು ಹೇಗೆ? "ಹೆಗಲ ಹಲಗೆ ಯಾವಾಗಲೂ ಹಿಂದಕ್ಕೆ ಒತ್ತಿ ಹಿಡಿ" ಎಂದು ಎಲ್ಲರೂ ಹೇಳುತ್ತಾರೆ, ಬ್ರಹ್ಮಗಿರಿ ಅವರು ಮುಂದೆ ಸರಿಯಲಿ ಅನ್ನುತ್ತಾರೆ. ಯಾವುದು ಸರಿ?


ಹಾರಂಗಿ_ಬಲ:

ಕೊನೆಯದಕ್ಕೆ ಮೊದಲು. ಹೆಗಲ ಹಲಗೆ ಹಿಂದಕ್ಕೆ ಕಟ್ಟಿ ಹಿಡಿಯುವುದು ಬೆಂಚಿನ ಮೇಲೆ ಮಲಗಿ ರಾಡ್ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನ ನಿಯಮ, ಅಲ್ಲಿಂದ ಯಾರೋ ಬೆನ್ನಿನ ದಿನಕ್ಕೂ ತಂದು ಅಂಟಿಸಿದ್ದಾರೆ. ರಾಂಬಾಯ್ಡ್ಸ್ ಮತ್ತು ನಡು ಟ್ರಾಪೀಜಿಯಸ್‌ನ ಕೆಲಸವೇ ಆ ಹಲಗೆಯನ್ನು ಬೆನ್ನುಮೂಳೆಯ ಕಡೆ ಎಳೆಯುವುದು. ಎಳೆದೇ ಇಟ್ಟುಕೊಂಡರೆ ಅವು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ, ಸುಮ್ಮನೆ ಬಿಗಿದು ನಿಂತಿರುತ್ತವೆ. ರೋನಲ್ಲಿ ಮುಂದಕ್ಕೆ ಬಿಡಿ, ಆದರೆ ಭಾರ ಎಳೆದುಕೊಂಡು ಹೋಗುವ ಹಾಗೆ ಅಲ್ಲ, ನೀವೇ ಬಿಡಬೇಕು. ಡೆಡ್ ಲಿಫ್ಟ್‌ನಲ್ಲಿ ಮಾತ್ರ ಹೆಗಲ ಹಲಗೆ ಹಿಂದಕ್ಕೂ ಬೇಡ, ಮುಂದಕ್ಕೂ ಬೇಡ, ಕಂಕುಳು ಒತ್ತಿ ಹಿಡಿದರೆ ಸಾಕು. ಲ್ಯಾಟ್ಸ್ ಬಿಗಿಯಾಗಿ ರಾಡ್ ಕಾಲಿಗೆ ತಾಗಿಕೊಂಡೇ ಏರುತ್ತದೆ.

ಸ್ಟ್ರಾಪ್ ಹಾಕಿ. ಮುಂಗೈ ಬಲಹೀನ ಆಗುತ್ತದೆ ಅನ್ನುವವರು ಇರುತ್ತಾರೆ, ಆದರೆ ಮುಂಗೈ ಸೋತಿತೆಂದು ಬೆನ್ನನ್ನು ಉಪವಾಸ ಕೆಡಹುವುದರಲ್ಲಿ ಅರ್ಥವಿಲ್ಲ. ಎಲ್ಲ ಸೆಟ್‌ಗೂ ಬೇಡ: ವಾರ್ಮ್ ಅಪ್ ಮತ್ತು ಮೊದಲ ಸೆಟ್ ಬರಿಗೈ, ಉಳಿದದ್ದಕ್ಕೆ ಸ್ಟ್ರಾಪ್. ಪಟ್ಟಿಯನ್ನು ಬಾರ್‌ನ ಅಡಿಯಿಂದ ಸುತ್ತಿ, ಬೆರಳಿಗೆ ವಿರುದ್ಧ ದಿಕ್ಕಿನಲ್ಲಿ, ಒಂದೂವರೆ ಸುತ್ತು ಸಾಕು. ಪುಲ್ ಅಪ್‌ಗೆ ಬೇಡವೇ ಬೇಡ, ಜಾರಿದಾಗ ಬಿಡಿಸಿಕೊಳ್ಳಲಾಗುವುದಿಲ್ಲ. ಹಿಡಿತಕ್ಕೆ ಬೇರೆಯೇ ಕೆಲಸ ಕೊಡಿ: ದಿನದ ಕೊನೆಯಲ್ಲಿ ಬಾರ್‌ಗೆ ತೂಗಿ 30 ಸೆಕೆಂಡ್, 3 ಸಲ.

ಒಂದು ಕಡೆ ಬ್ರಹ್ಮಗಿರಿ ಅವರೊಂದಿಗೆ ನನ್ನ ತಕರಾರು. ಹೆಬ್ಬೆರಳು ಬಾರ್‌ನ ಮೇಲಿಡುವುದು ಪುಲ್ ಡೌನ್‌ನಲ್ಲಿ ಸರಿ. ಮಳೆಗಾಲದಲ್ಲಿ, ಒದ್ದೆ ಬಾರ್‌ನಲ್ಲಿ, ಪುಲ್ ಅಪ್‌ಗೆ ಅದೇ ಹಿಡಿತ ಬಳಸಿದರೆ ಅಂಗಾತ ಬೀಳುವುದೇ. ಅಲ್ಲಿ ಹೆಬ್ಬೆರಳು ಸುತ್ತಿ.


ಬ್ರಹ್ಮಗಿರಿ_ಲಿಫ್ಟರ್:

ಸರಿ, ಪುಲ್ ಅಪ್‌ಗೆ ಹೆಬ್ಬೆರಳು ಸುತ್ತಿಯೇ ಹಿಡಿಯಿರಿ.

2ರಿಂದ ಹೆಚ್ಚಿಸುವ ಬಗೆ: ಪ್ರತಿ ಸಲ ಸುಸ್ತಾಗುವವರೆಗೆ ಮಾಡಿದರೆ 2 ರೆಪ್ ಇರುವವರು ಅಲ್ಲೇ ಉಳಿಯುತ್ತಾರೆ, ಯಾಕೆಂದರೆ ಒಟ್ಟು ಕೆಲಸವೇ ಸಾಲುವುದಿಲ್ಲ. ಸ್ಟೂಲ್ ಮೇಲೆ ನಿಂತು ಗದ್ದ ಬಾರ್‌ಗಿಂತ ಮೇಲೆ ಇರುವಲ್ಲಿಂದ ಶುರು ಮಾಡಿ, ಕಾಲು ಬಿಟ್ಟು 5 ಸೆಕೆಂಡ್‌ನಲ್ಲಿ ಕೆಳಗೆ ಇಳಿಯಿರಿ. 3 ರೆಪ್ಸ್, 3 ಸೆಟ್, ನಡುವೆ 2 ನಿಮಿಷ. ಇಳಿಯುವಾಗ ನಡುವೆ ಧಡಕ್ಕನೆ ಜಾರುವ ಜಾಗ ಒಂದಿರುತ್ತದೆ, ಸಾಮಾನ್ಯವಾಗಿ ಮೊಣಕೈ 90 ಡಿಗ್ರಿ ದಾಟಿದ ಮೇಲೆ. ಅಲ್ಲಿ ಒಂದು ಸೆಕೆಂಡ್ ನಿಲ್ಲಲು ಪ್ರಯತ್ನಿಸಿ. ಮೂರೂ ಸೆಟ್ 5 ಸೆಕೆಂಡ್‌ನಲ್ಲಿ ಹಿಡಿತ ತಪ್ಪದೆ ಇಳಿದರೆ 4 ರೆಪ್ಸ್ ಮಾಡಿ. ಐದಾದ ಮೇಲೆ ಪೂರ್ತಿ ಪುಲ್ ಅಪ್ ಒಂದೊಂದೇ ಸೇರಿಸುತ್ತಾ ಹೋಗಿ. ಕಾಲು ಒದ್ದು ಮೇಲೇರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವಾರಕ್ಕೆ ಒಂದೇ ದಿನ 15 ಸೆಟ್ ತುಂಬಿಸುವುದಕ್ಕಿಂತ ಎರಡು ದಿನ ಮಾಡಿ. ಹತ್ತನೇ ಸೆಟ್ ದಾಟಿದ ಮೇಲೆ ನಿಮ್ಮ ಫಾರ್ಮ್ (ಮಾಡುವ ರೀತಿ) ಹೇಗಿದ್ದೀತು ಎಂದು ಊಹಿಸುವುದು ಕಷ್ಟವಲ್ಲ.

ಮಂಗಳವಾರ: ಡೆಡ್ ಲಿಫ್ಟ್ ಮೊದಲು, ಮರದ ಹಲಗೆಯ ಮೇಲಿನಿಂದ, 3×5. ನಿಮ್ಮ ನಿಜವಾದ 59 ಕೆ.ಜಿ.ಯಿಂದ ಶುರು ಮಾಡಿ. ಆಮೇಲೆ ಪುಲ್ ಡೌನ್ 3×8-12, ಒಂದು ಕೈ ಡಂಬಲ್ ರೋ 3×8-12.

ಶುಕ್ರವಾರ: ಪುಲ್ ಅಪ್ ಇಳಿತ 3×3, ಎದೆ ಒರಗಿಸಿದ ರೋ 3×8-12 (ಮೊಣಕೈ ಹೊರಗೆ ತೆರೆದು), ಕೈ ನೇರ ಪುಲ್ ಡೌನ್ 2×12-15, ಕೊನೆಗೆ ಡಂಬಲ್ ಹಿಡಿದು ನಡಿಗೆ. ಎಲ್ಲ ಸೆಟ್‌ನಲ್ಲೂ ಇನ್ನು 1-2 ರೆಪ್ ಆಗಬಹುದಿತ್ತು ಎನ್ನುವಾಗ ನಿಲ್ಲಿಸಿ. ರೋ ಸೆಟ್‌ಗಳ ನಡುವೆ 2 ನಿಮಿಷ ವಿಶ್ರಾಂತಿ, ಡೆಡ್ ಲಿಫ್ಟ್‌ಗೆ 3.

ಮೂರೂ ಸೆಟ್‌ನಲ್ಲಿ 12 ರೆಪ್ ಬಂದರೆ ಮುಂದಿನ ಸಲ ಇರುವ ಅತಿ ಸಣ್ಣ ತೂಕ ಏರಿಸಿ, ರೆಪ್ಸ್ 8-9ಕ್ಕೆ ಇಳಿಯುತ್ತವೆ, ಮತ್ತೆ ಹನ್ನೆರಡಕ್ಕೆ ಏರಿಸಿ. ಡಂಬಲ್ 25ರಲ್ಲೇ ಮುಗಿಯುತ್ತದೆ ಎಂದಿರಿ. ಅಲ್ಲಿಗೆ ತಲುಪಿದಾಗ ಮೇಲೆ ಒಂದು ಸೆಕೆಂಡ್ ನಿಲ್ಲಿಸಿ, 3 ಸೆಕೆಂಡ್‌ನಲ್ಲಿ ಇಳಿಸಿ, 20 ರೆಪ್‌ವರೆಗೂ ಹೋಗಬಹುದು. ಸೆಟ್‌ನ ಕೊನೆ ನಿಜವಾಗಿ ಕಷ್ಟವಾಗುತ್ತಿದ್ದರೆ 20 ರೆಪ್‌ನಲ್ಲೂ ಸ್ನಾಯು ಬೆಳೆಯುತ್ತದೆ.

ಡಿಸೆಂಬರ್‌ಗೆ ಡೆಡ್ ಲಿಫ್ಟ್ ತೆಗೆದು ಆ ಜಾಗದಲ್ಲಿ ಏನೂ ಹಾಕಬೇಡಿ.


ನಾಪೋಕ್ಲು_ಫಿಸಿಯೋ:

ದಿನಗಳ ಹಂಚಿಕೆ ಸರಿಯಿದೆ: ಹಾಕಿಯ ಮರುದಿನ ಡೆಡ್ ಲಿಫ್ಟ್ ಬರುವುದಿಲ್ಲ, ಹಾಕಿಯ ಹಿಂದಿನ ದಿನ ಬೆನ್ನೂ ಬರುವುದಿಲ್ಲ. ಒಂದೇ ತಿದ್ದುಪಡಿ. ಚೀಲ ಎತ್ತುವ ಕೆಲಸ ಗುರುವಾರ ಬಿದ್ದರೆ ಶುಕ್ರವಾರದ ನಡಿಗೆಯನ್ನೂ ಬಿಡಿ, ಎದೆ ಒರಗಿಸಿದ ರೋ ಮತ್ತು ಕೇಬಲ್ ಮಾತ್ರ ಮಾಡಿ ಮನೆಗೆ ಹೋಗಿ. ಮಡಿಕೇರಿ ಕಡೆಯ ಚಳಿಗೆ ಜನವರಿಯಲ್ಲಿ ವಾರ್ಮ್ ಅಪ್ 5 ನಿಮಿಷ ಸಾಲದು: 10 ನಿಮಿಷ ಚುರುಕು ನಡಿಗೆ, ಕೋಲು ಹಿಡಿದು ಬಾಗುವುದು 10 ಸಲ, ಬಾರ್‌ಗೆ ತೂಗಿ ಕೈ ನೇರ ಇಟ್ಟೇ ಭುಜ ಮಾತ್ರ ಇಳಿಸಿ ಬಿಡುವುದು 8 ಸಲ, ಆಮೇಲೆ ಖಾಲಿ ರಾಡ್, ಆಮೇಲೆ ಅರ್ಧ ತೂಕ.


ರೋಬಸ್ಟಾ_ಗೋಣಿಕೊಪ್ಪ:

ಹಲಗೆ 8 ಸೆಂ.ಮೀ. ದಪ್ಪದ್ದು ಸಿಕ್ಕಿದೆ, ಸಿಲ್ವರ್ ಓಕ್. 29ರ ಪ್ಲೇಟ್‌ಗೆ ಸರಿಹೋಗುತ್ತದೆಯೇ?


ರಾಡ್‌ಪ್ಲೇಟ್_ಮಡಿಕೇರಿ:

14.5 + 8 = 22.5. ಸರಿಯಾಗಿದೆ. ಸಿಲ್ವರ್ ಓಕ್ ಮೆದು, ಪ್ಲೇಟ್ ಬೀಳುವ ಜಾಗದಲ್ಲಿ ಹಳೆ ಟೈರ್ ತುಂಡು ಮೊಳೆ ಹೊಡೆದುಕೊಳ್ಳಿ, ಟೈರ್‌ನ ದಪ್ಪದಷ್ಟು ಹಲಗೆ ಕೆತ್ತಿ ತೆಗೆಯಿರಿ. ಮೊಳೆಯ ತಲೆ ಮೇಲೆ ಉಳಿಯಬಾರದು.